ಕಾಯ್ದೆಯಿಲ್ಲದ ಕಾವಲು

ಯಳಂದೂರಿನಿಂದ ಕೊಳ್ಳೇಗಾಲಕ್ಕೆ ಹದಿನೈದು ಕಿಲೋಮೀಟರಿನ ಆಸುಪಾಸು, ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ. ಎರಡೂ ಊರಿನ ನುಡಿ ಒಂದೇ. ಮಲೆ ಮಹದೇಶ್ವರನ ಜಾತ್ರೆಗೆ ಹನೂರಿನ ಮೇಲೆ ಹಾದುಹೋಗುವ ಭಕ್ತರ ಹಾಡೂ ಒಂದೇ. ಆದರೆ 1956ರ ನವೆಂಬರ್ 1ರವರೆಗೆ ಈ ದಾರಿಯ ನಡುವೆ ಒಂದು ಗಡಿಯಿತ್ತು. ಟಿಪ್ಪುವಿನ ಪತನದ ನಂತರ ಬ್ರಿಟಿಷರ ವಶಕ್ಕೆ ಹೋದ ಕೊಳ್ಳೇಗಾಲ ತಾಲ್ಲೂಕು, ಅದರೊಳಗಿನ ಹನೂರು ಸೀಮೆಯೂ ಸೇರಿದಂತೆ, ಮದ್ರಾಸ್ ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಯಳಂದೂರು 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ದೊರೆತ, ಮೈಸೂರು ಸಂಸ್ಥಾನದೊಳಗಿನ ನೆಲ. ಒಂದೆಡೆ ಇಂಗ್ಲಿಷರ ಸೀಮೆ, ಇನ್ನೊಂದೆಡೆ ಮಹಾರಾಜರ ಸೀಮೆ.

ಗಡಿ ಎಂದ ಮೇಲೆ ಸುಂಕ, ಕಂದಾಯ, ಕೋರ್ಟು ಕಚೇರಿಗಳು ಬೇರೆಯಾಗುವುದು ಸಹಜ. ನಮ್ಮ ಇತಿಹಾಸ ಪುಸ್ತಕಗಳು ಅಷ್ಟನ್ನು ಹೇಳುತ್ತವೆ. ಜನರ ಮೇಲೆ ಗುಟ್ಟಾಗಿ ಕಣ್ಣಿಡುವ ವ್ಯವಸ್ಥೆಯೂ ಬೇರೆಯಾಗಿತ್ತೆಂಬುದನ್ನು ಮಾತ್ರ ಅವು ಹೇಳುವುದಿಲ್ಲ. ಕೊಳ್ಳೇಗಾಲದ ಕಡೆ ನಡೆದ ಒಂದು ರಾಜಕೀಯ ಸಭೆಯ ಸುದ್ದಿ ಠಾಣೆಯಿಂದ ಕೊಯಮತ್ತೂರಿಗೆ, ಅಲ್ಲಿಂದ ಮದ್ರಾಸಿನ ಸಿ.ಐ.ಡಿ.ಗೆ, ಮಹತ್ವದ್ದೆನಿಸಿದರೆ ಪ್ರಾಂತ್ಯ ಸರ್ಕಾರದ ಪಾಕ್ಷಿಕ ವರದಿಯ ಮೂಲಕ ದೆಹಲಿಗೆ ಅಥವಾ ಸಿಮ್ಲಾಕ್ಕೆ ಹೋಗಬೇಕಿತ್ತು. ಯಳಂದೂರಿನ ಸುದ್ದಿ ಮೈಸೂರು ಪೊಲೀಸರ ಮೂಲಕ ದಿವಾನರನ್ನು ತಲುಪಬೇಕಿತ್ತು. ಬೆಂಗಳೂರಿನಲ್ಲಿ ಕುಳಿತ ಬ್ರಿಟಿಷ್ ರೆಸಿಡೆಂಟರು ತಮ್ಮದೇ ವರದಿಯನ್ನು ಮೇಲಕ್ಕೆ ಕಳುಹಿಸುತ್ತಿದ್ದರು. ದಾರಿ ಎರಡಾದರೂ ಕೊನೆ ಒಂದೇ. ಎರಡು ಮಹಾಯುದ್ಧಗಳ ನಡುವಿನ ಆ ಎರಡು ದಶಕಗಳಲ್ಲಿ ರೂಪುಗೊಂಡ ಈ ವ್ಯವಸ್ಥೆಯನ್ನು ಇಂದು ನೆನೆಯಲು ಕಾರಣವಿದೆ. ಗಡಿ ಅಳಿಸಿಹೋಯಿತು, ಪ್ರಭುತ್ವ ಬದಲಾಯಿತು. ಆದರೆ ಕಣ್ಣಿಡುವವರನ್ನು ಕಟ್ಟಿಹಾಕುವ ಕಾಯ್ದೆ ಮಾತ್ರ ಅಂದೂ ಇರಲಿಲ್ಲ, ಇಂದೂ ಇಲ್ಲ.

ಈ ವ್ಯವಸ್ಥೆಯ ಹುಟ್ಟು ಯುದ್ಧಗಳಿಗಿಂತ ಹಳೆಯದು. ಠಗ್ಗರನ್ನೂ ಡಕಾಯಿತರನ್ನೂ ಹಿಡಿಯಲು ಇದ್ದ ಇಲಾಖೆಯ ಮಗ್ಗುಲಲ್ಲಿ 1887ರ ಡಿಸೆಂಬರ್ 23ರಂದು ಒಂದು ಆಡಳಿತಾತ್ಮಕ ಆದೇಶದ ಮೂಲಕ ಕೇಂದ್ರ ವಿಶೇಷ ಶಾಖೆ ಆರಂಭವಾಯಿತು. 1902–03ರ ಪೊಲೀಸ್ ಆಯೋಗದ ಶಿಫಾರಸಿನ ಮೇರೆಗೆ ಕರ್ಜನ್ ಕಾಲದಲ್ಲಿ ಅದು ಕ್ರಿಮಿನಲ್ ಇಂಟೆಲಿಜೆನ್ಸ್ ಇಲಾಖೆಯಾಯಿತು, ಪ್ರಾಂತ್ಯಗಳಲ್ಲಿ ಸಿ.ಐ.ಡಿ.ಗಳು ತಲೆಯೆತ್ತಿದವು. ಮದ್ರಾಸಿನಲ್ಲಿ ಅದು ಬಂದದ್ದು 1906ರಲ್ಲಿ. ಮೊದಲ ಮಹಾಯುದ್ಧ ಮುಗಿದು 1920ರ ಹೊತ್ತಿಗೆ ಕೇಂದ್ರದ ಇಲಾಖೆ ಇಂದಿಗೂ ಉಳಿದುಕೊಂಡಿರುವ ಹೆಸರನ್ನು ಪಡೆಯಿತು: ಇಂಟೆಲಿಜೆನ್ಸ್ ಬ್ಯೂರೊ, ಅಂದರೆ ಐ.ಬಿ. ಹೆಸರಿನಲ್ಲಿದ್ದ 'ಕ್ರಿಮಿನಲ್' ಎಂಬ ವಿಶೇಷಣ ಆಗ ಬಿದ್ದುಹೋದದ್ದು ಅರ್ಥಪೂರ್ಣ. ಕಳ್ಳಕಾಕರಲ್ಲ, ರಾಜಕೀಯವೇ ಅದರ ಮುಖ್ಯ ವಿಷಯವಾಗಿತ್ತು.

ಯುದ್ಧಕಾಲದ ವಿಶೇಷಾಧಿಕಾರಗಳನ್ನು ಶಾಂತಿಕಾಲಕ್ಕೂ ವಿಸ್ತರಿಸಲು ಹೊರಟ 1919ರ ರೌಲತ್ ಕಾಯ್ದೆಯ ಕಥೆ ಎಲ್ಲರಿಗೂ ಗೊತ್ತು. ದೇಶವೇ ಎದ್ದು ನಿಂತಿತು, ಜಲಿಯನ್‌ವಾಲಾ ಬಾಗ್ ನಡೆದುಹೋಯಿತು, 1922ರಲ್ಲಿ ಕಾಯ್ದೆ ರದ್ದಾಯಿತು. ಇದರಿಂದ ಸರ್ಕಾರ ಕಲಿತ ಪಾಠವೇನು? ಕಣ್ಣಿಗೆ ಕಾಣುವ ಕಾಯ್ದೆಯ ವಿರುದ್ಧ ಜನ ಬೀದಿಗಿಳಿಯುತ್ತಾರೆ. ಕಾಣದ ಕಡತದ ವಿರುದ್ಧ ಯಾರೂ ಬೀದಿಗಿಳಿಯಲಾರರು. ಮುಂದಿನ ಎರಡು ದಶಕಗಳಲ್ಲಿ ಬೆಳೆದದ್ದು ಕಡತ. 1898ರ ಅಂಚೆ ಕಾಯ್ದೆಯ 26ನೇ ಸೆಕ್ಷನ್ ಪತ್ರಗಳನ್ನು ತಡೆಹಿಡಿಯಲು ಅವಕಾಶ ಕೊಟ್ಟಿತ್ತು. ಸಭೆಗಳಲ್ಲಿ ಶೀಘ್ರಲಿಪಿಕಾರರು ಕುಳಿತು ದೇಶಭಾಷೆಯ ಭಾಷಣಗಳನ್ನು ಬರೆದುಕೊಳ್ಳುತ್ತಿದ್ದರು. ಸರ್ಕಾರಿ ಭಾಷಾಂತರಕಾರರು ಪತ್ರಿಕೆಗಳನ್ನು ಓದಿ ಸಾರಾಂಶ ಸಿದ್ಧಪಡಿಸುತ್ತಿದ್ದರು. ಮದ್ರಾಸ್ ಸರ್ಕಾರದ ಈ ವರದಿಗಳಲ್ಲಿ ಮೈಸೂರಿನಿಂದ ಹೊರಡುತ್ತಿದ್ದ 'ಸಂಪದಭ್ಯುದಯ'ದಂಥ ಕನ್ನಡ ಪತ್ರಿಕೆಗಳ ಮಾತುಗಳೂ ಇಂಗ್ಲಿಷಿಗೆ ತಿರುಗಿ ದಾಖಲಾಗಿವೆ. ಪತ್ರಿಕೆಯ ಮಟ್ಟಿಗೆ ಗಡಿ ಲೆಕ್ಕಕ್ಕಿರಲಿಲ್ಲ.

ಆ ಕಾಲದ ದೊಡ್ಡ ಭಯ ರಷ್ಯಾದ ಕ್ರಾಂತಿ. ಐ.ಬಿ.ಯ ಮೂವರು ನಿರ್ದೇಶಕರಾದ ಸೆಸಿಲ್ ಕೇ, ಡೇವಿಡ್ ಪೆಟ್ರಿ ಮತ್ತು ಹೊರೇಸ್ ವಿಲಿಯಮ್ಸನ್ ಒಬ್ಬರಾದ ಮೇಲೊಬ್ಬರು ಭಾರತದ ಕಮ್ಯುನಿಸಂ ಬಗ್ಗೆ ರಹಸ್ಯ ಗ್ರಂಥಗಳನ್ನೇ ರಚಿಸಿದರು. ಸ್ವಾತಂತ್ರ್ಯಾನಂತರ ಕಲ್ಕತ್ತೆಯಲ್ಲಿ ಮರುಮುದ್ರಣಗೊಂಡ ಅವುಗಳನ್ನು ಇಂದು ಓದಿದರೆ ಎರಡು ಸಂಗತಿ ಎದ್ದು ಕಾಣುತ್ತವೆ. ಮಾಹಿತಿ ಕಲೆಹಾಕುವುದರಲ್ಲಿ ಅವರು ಅಸಾಮಾನ್ಯ ಸಮರ್ಥರು. ಆದರೆ ಆ ಮಾಹಿತಿಯ ಅರ್ಥವನ್ನು ಗ್ರಹಿಸುವಾಗ ಪ್ರತಿ ಅಸಮಾಧಾನದ ಹಿಂದೆಯೂ ಹೊರಗಿನ ಕೈಯನ್ನೇ ಹುಡುಕುವ ಗೀಳು ಅವರನ್ನು ಬಿಡಲಿಲ್ಲ. ಗಿರಣಿ ಕಾರ್ಮಿಕ ಕೂಲಿ ಸಾಲದೆ ಮುಷ್ಕರ ಹೂಡಿದರೂ ಅದು ಮಾಸ್ಕೋದ ಸಂಚು.

ಕನ್ನಡ ನಾಡಿಗೆ ಇದರ ಬಿಸಿ ಹೇಗೆ ತಟ್ಟಿತೆಂಬುದಕ್ಕೆ ಎರಡು ಬದುಕುಗಳು ಸಾಕ್ಷಿ. ಕೊಳ್ಳೇಗಾಲದಂತೆಯೇ ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದ ಮಂಗಳೂರಿನಲ್ಲಿ ಹುಟ್ಟಿದ ಎಸ್.ವಿ. ಘಾಟೆ ಅವರು ಕಮ್ಯುನಿಸ್ಟ್ ಪಕ್ಷದ ಮೊದಲ ಪ್ರಧಾನ ಕಾರ್ಯದರ್ಶಿಗಳಲ್ಲೊಬ್ಬರು. 1929ರ ಮಾರ್ಚ್ 20ರಂದು ದೇಶದ ಹಲವೆಡೆ ಏಕಕಾಲಕ್ಕೆ ನಡೆದ ದಾಳಿಯಲ್ಲಿ ಅವರ ಬಂಧನವಾಯಿತು. ಮೂವತ್ತಕ್ಕೂ ಹೆಚ್ಚು ಮಂದಿಯ ವಿರುದ್ಧ ಮೀರತ್‌ನಲ್ಲಿ ನಡೆದ ಆ ಒಳಸಂಚಿನ ಮೊಕದ್ದಮೆ ಸುಮಾರು ನಾಲ್ಕು ವರ್ಷ ಎಳೆಯಿತು. ತಡೆಹಿಡಿದ ಪತ್ರಗಳು ಮುಖ್ಯ ಪುರಾವೆ. ಆರೋಪಿಗಳು ಬಾಂಬು ಎಸೆದಿದ್ದರೆಂದು ಯಾರೂ ಹೇಳಲಿಲ್ಲ. ಅವರ ಆಲೋಚನೆ, ಒಡನಾಟ, ಪತ್ರವ್ಯವಹಾರಗಳೇ ಅಪರಾಧವಾದವು. 1933ರ ಜನವರಿಯಲ್ಲಿ ಘಾಟೆ ಅವರಿಗೆ ಹನ್ನೆರಡು ವರ್ಷಗಳ ಶಿಕ್ಷೆ ವಿಧಿಸಲಾಯಿತು. ಅದೇ ವರ್ಷ ಅಲಹಾಬಾದ್ ಹೈಕೋರ್ಟ್ ಆರೋಪಿಗಳ ಶಿಕ್ಷೆಯನ್ನು ಬಹುಮಟ್ಟಿಗೆ ಇಳಿಸಿತು. ಆದರೆ ವಿಚಾರಣೆಗಾಗಿ ಜೈಲಿನಲ್ಲಿ ಕಳೆದ ವರ್ಷಗಳನ್ನು ಯಾವ ಹೈಕೋರ್ಟೂ ಹಿಂದಿರುಗಿಸಲಾರದು.

ಇನ್ನೊಬ್ಬರು ಅದೇ ಮೊಕದ್ದಮೆಯ ಇಂಗ್ಲಿಷ್ ಆರೋಪಿ ಫಿಲಿಪ್ ಸ್ಪ್ರಾಟ್. ಬಿಡುಗಡೆಯಾದ ಮೇಲೂ ಅವರನ್ನು ನಂಬದ ಸರ್ಕಾರ ಬೆಳಗಾವಿಯ ಕೋಟೆಯಲ್ಲಿ ಇರಿಸಿತ್ತು. ಮುಂದೆ ಅವರು ಬೆಂಗಳೂರಿನಲ್ಲಿ ನೆಲೆಸಿ, 'ಮೈಸ್‌ಇಂಡಿಯಾ' ವಾರಪತ್ರಿಕೆಯ ಸಂಪಾದಕರಾಗಿ ಕಮ್ಯುನಿಸಂನ ಕಟು ವಿಮರ್ಶಕರಾದರು. ಸಾಮ್ರಾಜ್ಯವೇ ನಡುಗುವಂಥ ಅಪಾಯಕಾರಿಯೆಂದು ಗುಪ್ತಚಾರರು ಗುರುತಿಸಿದ್ದ ವ್ಯಕ್ತಿಯನ್ನು ಬದಲಿಸಿದ್ದು ಕಾವಲಲ್ಲ, ಓದು ಮತ್ತು ಚಿಂತನೆ. ಮನುಷ್ಯನ ಮನಸ್ಸು ಬದಲಾದಷ್ಟು ಬೇಗ ಕಡತ ಬದಲಾಗುವುದಿಲ್ಲ.

ಈಗ ಮತ್ತೆ ಯಳಂದೂರು–ಕೊಳ್ಳೇಗಾಲದ ಗಡಿಗೆ ಬರೋಣ. ಸಂಸ್ಥಾನಗಳ ಅರಸರನ್ನು ಬ್ರಿಟಿಷ್ ಭಾರತದ ಟೀಕೆಯಿಂದ ಕಾಪಾಡಲೆಂದೇ 1922ರಲ್ಲಿ ಒಂದು ಕಾಯ್ದೆ ಬಂತು. ಅದರ ಪ್ರಕಾರ ಕೊಳ್ಳೇಗಾಲದಂಥ ಬ್ರಿಟಿಷ್ ನೆಲದಲ್ಲಿ ಅಚ್ಚು ಹಾಕಿದ ಬರಹ ಮೈಸೂರಿನಂಥ ಸಂಸ್ಥಾನದ ಪ್ರಭುತ್ವದ ವಿರುದ್ಧ ಅಸಮಾಧಾನ ಕೆರಳಿಸಿದರೆ ಅದು ಅಪರಾಧ. 1934ರ ಇನ್ನೊಂದು ಕಾಯ್ದೆ ಸತ್ಯಾಗ್ರಹಿಗಳು ಜಾಥಾ ಕಟ್ಟಿಕೊಂಡು ಸಂಸ್ಥಾನದೊಳಕ್ಕೆ ಹೋಗುವುದನ್ನು ತಡೆಯುವ ಅಧಿಕಾರ ಕೊಟ್ಟಿತು. ಹೀಗೆ ಆಳುವವರ ನಡುವೆ ಗಡಿ ಸಹಕಾರದ ಸೇತುವೆಯಾಯಿತು; ಜನರ ಪಾಲಿಗೆ ಮಾತ್ರ ಅದು ಗೋಡೆ.

1938ರಲ್ಲಿ ಈ ವೈಚಿತ್ರ್ಯ ತುತ್ತತುದಿಗೇರಿತು. ಮದ್ರಾಸಿನಲ್ಲಿ ಆಗ ರಾಜಾಜಿ ಅವರ ಕಾಂಗ್ರೆಸ್ ಸರ್ಕಾರ. ಕೊಳ್ಳೇಗಾಲ, ಹನೂರುಗಳ ಜನರಿಗೆ ಕಾಂಗ್ರೆಸ್ಸಿನ ಬಾವುಟವೆಂದರೆ ಅಧಿಕಾರಾರೂಢ ಪಕ್ಷದ ಬಾವುಟ. ಅದೇ ಏಪ್ರಿಲ್‌ನಲ್ಲಿ ಮೈಸೂರು ಸಂಸ್ಥಾನದ ಶಿವಪುರದಲ್ಲಿ ಅದೇ ಬಾವುಟವನ್ನು ಹಾರಿಸಲು ಹೋದ ನಾಯಕರು ನಿಷೇಧಾಜ್ಞೆ ಮುರಿದ ಅಪರಾಧಿಗಳಾದರು. ಏಪ್ರಿಲ್ 25ರಂದು ವಿದುರಾಶ್ವತ್ಥದಲ್ಲಿ ಗುಂಡು ಹಾರಿ ಜನ ಸತ್ತರು. ಯಾವುದು ರಾಜದ್ರೋಹ, ಯಾವುದು ದೇಶಭಕ್ತಿ ಎಂಬುದನ್ನು ನಿಂತ ನೆಲ ನಿರ್ಧರಿಸುತ್ತಿತ್ತು. ಪೊಲೀಸರ ಗುಪ್ತ ವರದಿಯಲ್ಲಿ 'ಅಪಾಯಕಾರಿ' ಎಂದು ಬರೆಸಿಕೊಳ್ಳಲು ಯಳಂದೂರಿನ ರೈತ ಬೇರೇನನ್ನೂ ಮಾಡಬೇಕಿರಲಿಲ್ಲ. ಕೊಳ್ಳೇಗಾಲದ ನೆಂಟ ಮಾಡಿದ್ದನ್ನೇ ಮಾಡಿದರೆ ಸಾಕಿತ್ತು.

ಹಾಗಾದರೆ ಚುನಾಯಿತ ಸರ್ಕಾರ ಬಂದೊಡನೆ ಕೊಳ್ಳೇಗಾಲದ ಕಡೆ ಕಣ್ಗಾವಲು ಹೊಣೆಗಾರಿಕೆಗೆ ಒಳಪಟ್ಟಿತೇ? ಇಲ್ಲ. ಬ್ರಿಟಿಷರು ಅಧಿಕಾರವನ್ನು ಹಂಚಿಕೊಟ್ಟ 1935ರ ಭಾರತ ಸರ್ಕಾರ ಕಾಯ್ದೆಯಲ್ಲೇ 58ನೇ ಸೆಕ್ಷನ್ ಎಂಬ ಬೀಗವನ್ನು ಜಡಿದಿದ್ದರು. ಸರ್ಕಾರವನ್ನು ಬುಡಮೇಲು ಮಾಡುವ ಹಿಂಸಾತ್ಮಕ ಸಂಚುಗಳ ಬಗೆಗಿನ ಮಾಹಿತಿಯ ಮೂಲಗಳನ್ನು ಪೊಲೀಸರು ಮೇಲಧಿಕಾರಿಯ ಅಥವಾ ಗವರ್ನರರ ಅಪ್ಪಣೆಯಿಲ್ಲದೆ ಯಾರಿಗೂ ತಿಳಿಸಕೂಡದು. 'ಯಾರಿಗೂ' ಎಂದರೆ ಜನರಿಂದ ಆರಿಸಿಬಂದ ಮಂತ್ರಿಗೂ ಸಹ. ಮತ ಹಾಕುವ ಹಕ್ಕನ್ನು ಕೊಟ್ಟರು, ಕಡತದ ಕೋಣೆಯ ಕೀಲಿಕೈಯನ್ನು ಕೊಡಲಿಲ್ಲ.

ಇದಕ್ಕಿಂತ ಕಹಿಯಾದ ಸತ್ಯ ಇನ್ನೊಂದಿದೆ. ಕೈಗೆ ಬಂದ ಯಂತ್ರವನ್ನು ನಮ್ಮವರೂ ಸಂತೋಷದಿಂದಲೇ ಬಳಸಿದರು. 1937ರಲ್ಲಿ ಸಮಾಜವಾದಿ ನಾಯಕ ಬಾಟ್ಲಿವಾಲಾ ಅವರನ್ನು ಭಾಷಣವೊಂದಕ್ಕಾಗಿ ರಾಜದ್ರೋಹದ 124-ಎ ಸೆಕ್ಷನ್ ಅಡಿ ಬಂಧಿಸಿದ್ದು ರಾಜಾಜಿ ಅವರ ಸರ್ಕಾರ. ಗಾಂಧೀಜಿ ಮತ್ತು ತಿಲಕರಿಗೆ ಶಿಕ್ಷೆ ಕೊಡಿಸಿದ್ದ ಸೆಕ್ಷನ್ನೇ ಅದು. ನೆಹರೂ ಅವರಿಗೆ ಇದು ಸರಿಕಾಣಲಿಲ್ಲ. ರಾಜಾಜಿ ಅವರನ್ನು ದೂರುವುದು ಇಲ್ಲಿ ಉದ್ದೇಶವಲ್ಲ; ಅವರ ಪ್ರಾಮಾಣಿಕತೆ ಪ್ರಶ್ನಾತೀತ. ಪ್ರಾಮಾಣಿಕರೂ ಹೀಗೆ ನಡೆದುಕೊಳ್ಳುತ್ತಾರೆಂದ ಮೇಲೆ ವ್ಯಕ್ತಿಗಳ ಒಳ್ಳೆಯತನವನ್ನು ನೆಚ್ಚಿ ಕೂರುವಂತಿಲ್ಲ ಎಂಬುದೇ ಪಾಠ.

1947ರಲ್ಲಿ ಆ ಪಾಠ ಕಲಿಯಲು ಅವಕಾಶವಿತ್ತು. ಮದ್ರಾಸ್ ಪೊಲೀಸಿನಿಂದ ಬಂದ ಟಿ.ಜಿ. ಸಂಜೀವಿ ಪಿಳ್ಳೈ ಐ.ಬಿ.ಯ ಮೊದಲ ಭಾರತೀಯ ನಿರ್ದೇಶಕರಾದರು. ಕುರ್ಚಿ ಬದಲಾಯಿತು, ಅದರ ಕಾನೂನು ನೆಲೆ ಬದಲಾಗಲಿಲ್ಲ. ಸಂವಿಧಾನದ ಏಳನೇ ಅನುಸೂಚಿಯ ಕೇಂದ್ರ ಪಟ್ಟಿಯಲ್ಲಿ 8ನೇ ನಮೂದಾಗಿ ಕೇಂದ್ರ ಗುಪ್ತವಾರ್ತೆ ಮತ್ತು ತನಿಖಾ ಬ್ಯೂರೊ ಎಂಬ ಉಲ್ಲೇಖವಿದೆ. ಅಂದರೆ ಈ ವಿಷಯದಲ್ಲಿ ಕಾಯ್ದೆ ಮಾಡುವ ಅಧಿಕಾರ ಸಂಸತ್ತಿಗಿದೆ. ಐ.ಬಿ.ಯ ಅಧಿಕಾರವೇನು, ಮಿತಿಯೇನು ಎಂದು ಹೇಳುವ ಕಾಯ್ದೆಯನ್ನು ಸಂಸತ್ತು ಮಾಡಿಲ್ಲ. ಗುಪ್ತಚರ ಸಂಸ್ಥೆಗಳ ಸಿಬ್ಬಂದಿ ಸಂಘ ಕಟ್ಟದಂತೆ ನಿರ್ಬಂಧಿಸಲು 1985ರಲ್ಲಿ ಒಂದು ಕಾಯ್ದೆ ಬಂತು. 2005ರ ಮಾಹಿತಿ ಹಕ್ಕು ಕಾಯ್ದೆಯ 24ನೇ ಸೆಕ್ಷನ್, ಭ್ರಷ್ಟಾಚಾರ ಮತ್ತು ಮಾನವ ಹಕ್ಕು ಉಲ್ಲಂಘನೆಯ ದೂರುಗಳ ಹೊರತು, ಐ.ಬಿ.ಯನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿತು. ಕಾನೂನಿನ ಪುಸ್ತಕದಲ್ಲಿ ಐ.ಬಿ. ಕಾಣಿಸಿಕೊಳ್ಳುವುದು ಮುಖ್ಯವಾಗಿ ವಿನಾಯಿತಿಯ ಪುಟಗಳಲ್ಲಿ.

ಇದರ ಫಲವೇನೆಂಬುದು 2015ರಲ್ಲಿ ಬಯಲಾಯಿತು. ನೇತಾಜಿ ಸುಭಾಷಚಂದ್ರ ಬೋಸರ ಬಂಧುಗಳ ಮೇಲೆ ಸ್ವತಂತ್ರ ಭಾರತದ ಐ.ಬಿ. ಸುಮಾರು ಎರಡು ದಶಕ ಕಣ್ಣಿಟ್ಟಿತ್ತೆಂದು ಆಗ ಹೊರಬಂದ ಕಡತಗಳು ಹೇಳಿದವು. ಬ್ರಿಟಿಷರು ತೆರೆದ ಕಡತವನ್ನು ಮುಚ್ಚಬೇಕೆಂದು ಹೊಸ ಒಡೆಯರಿಗೆ ಯಾರೂ ಹೇಳಿರಲಿಲ್ಲ. ಕರ್ನಾಟಕವೇನೂ ಇದರಿಂದ ಹೊರತಲ್ಲ. ದೂರವಾಣಿ ಕದ್ದಾಲಿಕೆಯ ಆರೋಪದಲ್ಲಿ ರಾಮಕೃಷ್ಣ ಹೆಗಡೆ ಅವರು 1988ರಲ್ಲಿ ಮುಖ್ಯಮಂತ್ರಿ ಸ್ಥಾನ ತೊರೆದರು. ಮೂರು ದಶಕಗಳ ನಂತರ, 2019ರಲ್ಲಿ, ಅದೇ ಬಗೆಯ ಆರೋಪದ ತನಿಖೆಯನ್ನು ರಾಜ್ಯ ಸರ್ಕಾರ ಸಿ.ಬಿ.ಐ.ಗೆ ಒಪ್ಪಿಸಬೇಕಾಯಿತು. ಪಕ್ಷಗಳು ಬದಲಾದವು, ಆರೋಪ ಬದಲಾಗಲಿಲ್ಲ. ಐ.ಬಿ.ಯಲ್ಲೇ ದುಡಿದು ನಿವೃತ್ತರಾದ ಅಧಿಕಾರಿಯೊಬ್ಬರು ಈ ಸಂಸ್ಥೆಯ ಕಾನೂನು ಆಧಾರವೇನೆಂದು ಪ್ರಶ್ನಿಸಿ ಕರ್ನಾಟಕ ಹೈಕೋರ್ಟಿನ ಮೆಟ್ಟಿಲೇರಿದಾಗ ಕೇಂದ್ರ ಸರ್ಕಾರ ತೋರಿಸಿದ್ದು 1887ರ ಆ ಹಳೆಯ ಆದೇಶವನ್ನು. ಗಣರಾಜ್ಯದ ಸಂಸ್ಥೆಯೊಂದು ತನ್ನ ಜನ್ಮಪತ್ರವೆಂದು ವಿಕ್ಟೋರಿಯಾ ಕಾಲದ ಕಾಗದವನ್ನು ಮುಂದಿಡುವುದು ಸೋಜಿಗವಲ್ಲವೇ?

ಇದೆಲ್ಲ ದೆಹಲಿ, ಬೆಂಗಳೂರುಗಳ ದೊಡ್ಡವರ ಸಮಸ್ಯೆ ಎಂದು ಯಾರಾದರೂ ಭಾವಿಸಿದರೆ ಅವರು ಹನೂರಿನ ಕಾಡಂಚಿನ ಊರುಗಳಿಗೆ ಹೋಗಿಬರಬೇಕು. ಗುಪ್ತ ಮಾಹಿತಿಯ ಸರಪಳಿಯ ಕೊನೆಯ ಕೊಂಡಿ ಯಾವಾಗಲೂ ಒಬ್ಬ ಹಳ್ಳಿಗ. 1992ರಲ್ಲಿ ರಾಮಾಪುರ ಠಾಣೆಯ ಮೇಲೆ ವೀರಪ್ಪನ್ ದಾಳಿ ಮಾಡಿದ. ಅದೇ ವರ್ಷದ ಆಗಸ್ಟ್‌ನಲ್ಲಿ ಮೀಣ್ಯದ ಬಳಿ, ಮಾಹಿತಿದಾರನನ್ನು ನಂಬಿ ಹೊರಟ ಎಸ್.ಪಿ. ಹರಿಕೃಷ್ಣ ಮತ್ತು ಎಸ್.ಐ. ಶಕೀಲ್ ಅಹಮದ್ ಹೊಂಚುದಾಳಿಗೆ ಬಲಿಯಾದರು. ತಪ್ಪು ಮಾಹಿತಿಯ ಬೆಲೆಯನ್ನು ಪೊಲೀಸರೂ ತೆತ್ತರು. ಆಮೇಲೆ ಬೆಲೆ ತೆರುವ ಸರದಿ ಹಳ್ಳಿಗರದು. ಪೊಲೀಸರಿಗೆ ಸುದ್ದಿ ಕೊಟ್ಟನೆಂದು ವೀರಪ್ಪನ್ ಕೊಂದ. ವೀರಪ್ಪನ್‌ಗೆ ಅಕ್ಕಿ ಕೊಟ್ಟನೆಂದು ವಿಶೇಷ ಕಾರ್ಯಪಡೆ ಎಳೆದೊಯ್ದಿತು. ಟಾಡಾ ಕಾಯ್ದೆಯಡಿ ವರ್ಷಗಟ್ಟಲೆ ಮೈಸೂರು ಜೈಲಿನಲ್ಲಿದ್ದವರಲ್ಲಿ ಬಹುಪಾಲು ಜನ 2001ರಲ್ಲಿ ಖುಲಾಸೆಯಾದರು. ನ್ಯಾಯಮೂರ್ತಿ ಎ.ಜೆ. ಸದಾಶಿವ ಅವರ ಸಮಿತಿ ದೌರ್ಜನ್ಯದ ದೂರುಗಳನ್ನು ವಿಚಾರಿಸಿದ ಬಳಿಕ, 2007ರಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 89 ಮಂದಿಗೆ ಒಟ್ಟು 2.80 ಕೋಟಿ ರೂಪಾಯಿ ಪರಿಹಾರಕ್ಕೆ ಶಿಫಾರಸು ಮಾಡಿತು. 'ಗುಪ್ತ ಮಾಹಿತಿ ಇದೆ' ಎಂಬ ಮೂರು ಪದಗಳನ್ನು ಯಾರೂ ಪ್ರಶ್ನಿಸುವಂತಿಲ್ಲದಾಗ ಬಡವನ ಮನೆ ಬಾಗಿಲಿನಲ್ಲಿ ಏನಾಗುತ್ತದೆಂಬುದು ಈ ತಾಲ್ಲೂಕಿಗೆ ಗೊತ್ತಿರುವಷ್ಟು ಸಂಸತ್ತಿಗೆ ಗೊತ್ತಿಲ್ಲ.

ಗುಪ್ತಚರ ಸಂಸ್ಥೆಯೇ ಬೇಡ ಎನ್ನುವುದು ಹುಡುಗಾಟಿಕೆ. ಗಡಿಯಾಚೆಯ ಭಯೋತ್ಪಾದನೆ, ಕೋಮುಗಲಭೆ, ರಾಜೀವ್ ಗಾಂಧಿ ಅವರ ಹತ್ಯೆಯಂಥ ಸಂಚುಗಳನ್ನು ಕಂಡ ದೇಶಕ್ಕೆ ಎಚ್ಚರದ ಕಣ್ಣು ಬೇಕೇ ಬೇಕು. ಹೆಸರಿಲ್ಲದೆ, ಹೊಗಳಿಕೆಯಿಲ್ಲದೆ ದುಡಿಯುವ ಅಲ್ಲಿನ ಸಿಬ್ಬಂದಿಗೆ ನಾವು ಋಣಿಗಳು. ಕಾಯ್ದೆ ಬಂದರೆ ಗುಟ್ಟು ರಟ್ಟಾಗುತ್ತದೆ, ಕೈ ಕಟ್ಟಿದಂತಾಗುತ್ತದೆ ಎಂಬ ಆತಂಕವನ್ನೂ ತಳ್ಳಿಹಾಕುವಂತಿಲ್ಲ. ಆದರೆ ಈ ಆತಂಕಕ್ಕೆ ಉತ್ತರ ಈ ಯಂತ್ರವನ್ನು ನಮಗೆ ಬಿಟ್ಟುಹೋದವರ ದೇಶದಲ್ಲೇ ಇದೆ. 1924ರಿಂದ 1931ರವರೆಗೆ ನಮ್ಮ ಐ.ಬಿ.ಯನ್ನು ಆಳಿದ ಡೇವಿಡ್ ಪೆಟ್ರಿ ಅವರೇ 1941ರಲ್ಲಿ ಬ್ರಿಟನ್ನಿನ ಆಂತರಿಕ ಭದ್ರತಾ ಸೇವೆ ಎಂ.ಐ. 5ರ ಮಹಾನಿರ್ದೇಶಕರಾದರು. ಎರಡೂ ಒಂದೇ ಪಾಠಶಾಲೆಯವು. ಆ ಎಂ.ಐ. 5 ಕೂಡ 1909ರಿಂದ ಎಂಬತ್ತು ವರ್ಷ ಕಾಯ್ದೆಯಿಲ್ಲದೆ ನಡೆದು, 1989ರಲ್ಲಿ ಕಾಯ್ದೆಯ ಚೌಕಟ್ಟಿಗೆ ಬಂತು. 1994ರ ಕಾಯ್ದೆ ಸಂಸದರ ಉಸ್ತುವಾರಿ ಸಮಿತಿಯನ್ನೂ ತಂದಿತು. ಅದರಿಂದ ಬ್ರಿಟನ್ ಮುಳುಗಲಿಲ್ಲ.

ನಮ್ಮಲ್ಲಿ 2011ರಲ್ಲಿ ಮನೀಶ್ ತಿವಾರಿ ಅವರು ಲೋಕಸಭೆಯಲ್ಲಿ ಇಂಥದೊಂದು ಖಾಸಗಿ ಮಸೂದೆ ಮಂಡಿಸಿದ್ದರು, ಅದು ಕಾಯ್ದೆಯಾಗಲಿಲ್ಲ. ಸಂಸದೀಯ ಉಸ್ತುವಾರಿ ಕೋರಿದ ಅರ್ಜಿಯನ್ನು 2016ರಲ್ಲಿ ಸುಪ್ರೀಂ ಕೋರ್ಟ್ ಪುರಸ್ಕರಿಸಲಿಲ್ಲ. ಆದರೆ ಮರುವರ್ಷವೇ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಮೊಕದ್ದಮೆಯಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. ಆ ಹಕ್ಕನ್ನು ಮೊಟಕುಗೊಳಿಸಬೇಕಾದರೆ ಮೊದಲು ಒಂದು ಕಾಯ್ದೆ ಇರಬೇಕು, ಉದ್ದೇಶ ನ್ಯಾಯವಾಗಿರಬೇಕು, ಕ್ರಮ ಮಿತಿಮೀರಬಾರದು ಎಂಬುದು ಆ ತೀರ್ಪಿನ ತಿರುಳು. ಆ ಮೊದಲ ಅಳತೆಗೋಲಿನಲ್ಲೇ 1887ರ ಆದೇಶ ಸೋಲುತ್ತದೆ.

ಆದ್ದರಿಂದ ಬೇಡಿಕೆ ಸರಳವಾಗಿದೆ. ಐ.ಬಿ.ಗೂ ರಾಜ್ಯಗಳ ಗುಪ್ತವಾರ್ತೆ ವಿಭಾಗಗಳಿಗೂ ಕಾಯ್ದೆಯ ಆಧಾರ ಬೇಕು. ಯಾರ ಮೇಲೆ, ಯಾವ ಕಾರಣಕ್ಕೆ, ಎಷ್ಟು ಕಾಲ ಕಣ್ಣಿಡಬಹುದೆಂದು ಅದು ಹೇಳಬೇಕು. ಕದ್ದಾಲಿಕೆಗೆ ಅನುಮತಿ ಕೊಡುವವರು ಮತ್ತು ಕೇಳುವವರು ಒಂದೇ ಆಡಳಿತದ ಅಧಿಕಾರಿಗಳಾಗಿರಬಾರದು. ಎಲ್ಲ ಪಕ್ಷಗಳ ಸಂಸದರ ಒಂದು ಸಣ್ಣ ಸಮಿತಿ ಗೋಪ್ಯತೆಯ ಪ್ರಮಾಣ ತೊಟ್ಟು ಲೆಕ್ಕ ಕೇಳುವಂತಿರಬೇಕು. ಇಂತಿಷ್ಟು ವರ್ಷವಾದ ಮೇಲೆ ಹಳೆಯ ಕಡತಗಳು ಪತ್ರಾಗಾರಕ್ಕೆ ಬರಲೇಬೇಕು.

ಈ ಕೊನೆಯ ಮಾತು ಚಿಕ್ಕದೆನಿಸಬಹುದು, ಚಿಕ್ಕದಲ್ಲ. ಭಾರತೀಯರ ಮೇಲೆ ಲಂಡನ್ನಿನಿಂದ ಕಣ್ಣಿಟ್ಟಿದ್ದ ಕಚೇರಿಯ ಕಡತಗಳು 1990ರ ದಶಕದಿಂದ ಅಲ್ಲಿನ ಬ್ರಿಟಿಷ್ ಲೈಬ್ರರಿಯಲ್ಲಿ ಯಾರು ಬೇಕಾದರೂ ಓದುವಂತೆ ತೆರೆದಿವೆ. ಕೊಳ್ಳೇಗಾಲದ ಮದ್ರಾಸ್ ಕಾಲದ ಕಾಗದಪತ್ರ ನೋಡಲು ಚೆನ್ನೈಗೆ ಹೋಗಬೇಕು, ಯಳಂದೂರಿನದಕ್ಕೆ ಬೆಂಗಳೂರಿಗೆ. ಈ ಮೂರು ತಾಲ್ಲೂಕುಗಳ ಸ್ವಾತಂತ್ರ್ಯ ಹೋರಾಟದ ಚರಿತ್ರೆಯನ್ನು ನಾವು ಇಂದಿಗೂ ನೆನಪುಗಳಿಂದ ಬರೆಯುತ್ತಿದ್ದೇವೆ. ಹೋರಾಡಿದವರ ಬಗ್ಗೆ ಅವರ ಕಾವಲುಗಾರರು ಬರೆದಿಟ್ಟದ್ದನ್ನು ಓದಿಲ್ಲ. ಕರ್ನಾಟಕ ರಾಜ್ಯ ಪತ್ರಾಗಾರ ಇಲಾಖೆ ತಮಿಳುನಾಡಿನೊಂದಿಗೆ ಮಾತಾಡಿ ಕೊಳ್ಳೇಗಾಲ ತಾಲ್ಲೂಕಿಗೆ ಸಂಬಂಧಿಸಿದ ದಾಖಲೆಗಳ ಪ್ರತಿಗಳನ್ನು ತರಿಸಿ ಚಾಮರಾಜನಗರದಲ್ಲಿ ಇಟ್ಟರೆ ಅದಕ್ಕೆ ದೊಡ್ಡ ಖರ್ಚೇನೂ ಬರದು. ಕಾಯ್ದೆಗೆ ಸಂಸತ್ತು ಬೇಕು. ಇದಕ್ಕೆ ರಾಜ್ಯ ಸರ್ಕಾರದ ಒಂದು ಪತ್ರ ಸಾಕು.

ಯಳಂದೂರು–ಕೊಳ್ಳೇಗಾಲದ ದಾರಿಯಲ್ಲಿ ಇಂದು ಗಡಿಯಿಲ್ಲ. ಹಿಂದೊಮ್ಮೆ ಅಲ್ಲಿ ಪ್ರಜೆಯೊಬ್ಬ ತಾನು ಯಾರ ಕಣ್ಗಾವಲಿನಲ್ಲಿದ್ದೇನೆಂದು ಊಹಿಸಬಹುದಿತ್ತು. ಗಡಿ ದಾಟಿದರೆ ಕಾವಲುಗಾರ ಬದಲಾಗುತ್ತಿದ್ದ. ಇಂದು ಆತ ತನ್ನ ಸರ್ಕಾರವನ್ನು ತಾನೇ ಆರಿಸುತ್ತಾನೆ. ತನ್ನನ್ನು ಯಾರು, ಯಾವ ಕಾಯ್ದೆಯ ಬಲದಿಂದ ನೋಡುತ್ತಿದ್ದಾರೆಂದು ಕೇಳುವ ಹಕ್ಕೂ ಆತನಿಗೆ ಇರಬೇಕಲ್ಲವೇ?